ವೀಳ್ಯ ಕೊಡುವ ಮೊದಲು ಒಂದು ಆಟ ನೋಡಿ: ಮನೆಯ ಕಂಪ್ಯೂಟರಿಗೆ ಲಿನಕ್ಸ್ ಆರಿಸುವುದು ಹೇಗೆ?

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗೆ ಇರುವ ಅಕ್ಕನ ಮನೆಯಲ್ಲಿ 2016ರಲ್ಲಿ ಕೊಂಡ ಒಂದು ಲ್ಯಾಪ್‌ಟಾಪ್ ಉಂಟು. ಆರನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, ಬ್ಯಾಟರಿ ಅರ್ಧ ಗಂಟೆ ನಿಂತರೆ ಹೆಚ್ಚು. ಭಾವ ಅದರಲ್ಲಿ ಅಡಿಕೆಯ ಲೆಕ್ಕ ಬರೆಯುತ್ತಾರೆ, ಅಕ್ಕ ತಾಳಮದ್ದಳೆ ಕೇಳುತ್ತಾಳೆ, ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ಕ್ಲಾಸು ಓದುವ ಅಳಿಯ ಶಾಲೆಯ ಪ್ರಾಜೆಕ್ಟ್ ಮಾಡುತ್ತಾನೆ. ವಿಂಡೋಸ್ 10ರ ಬೆಂಬಲ ಮುಗಿಯಿತು ಎಂಬ ಸಂದೇಶ ಪರದೆಯ ತುಂಬ ಬಂದ ದಿನ ಭಾವ ಫೋನ್ ಮಾಡಿದರು. “ಮಾರಾಯ, ಇದನ್ನು ಇನ್ನು ಗುಜರಿಗೆ ಹಾಕುವುದಾ?”

ಇದೇ ಪ್ರಶ್ನೆ ಈಗ ಎಷ್ಟೋ ಮನೆಗಳಲ್ಲಿ ಉಂಟು. ಉತ್ತರವಾಗಿ ಯಾರಾದರೂ “ಲಿನಕ್ಸ್ ಹಾಕಿ” ಎನ್ನುತ್ತಾರೆ. ಯಾವ ಲಿನಕ್ಸ್ ಎಂದು ಕೇಳಿದರೆ ಹತ್ತು ಹೆಸರು ಹೇಳುತ್ತಾರೆ. ಗೊಂದಲ ಶುರುವಾಗುವುದು ಅಲ್ಲಿ.

ಬೆಂಬಲ ಮುಗಿಯಿತು ಅಂದರೆ ಏನು?

2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಲ್ಲಿಸಿತು. ಕಂಪ್ಯೂಟರ್ ಅಂದಿಗೆ ನಿಂತುಹೋಗುವುದಿಲ್ಲ, ಹಿಂದಿನ ಹಾಗೇ ನಡೆಯುತ್ತದೆ. ಆದರೆ ತಂತ್ರಾಂಶದಲ್ಲಿ ಹೊಸದಾಗಿ ಒಂದು ತೂತು ಸಿಕ್ಕಿದರೆ ಅದಕ್ಕೆ ತೇಪೆ ಬರುವುದಿಲ್ಲ. ಹಂಚು ಒಡೆದರೆ ಬದಲಿಸುವವರಿಲ್ಲದ ಮನೆಯ ಹಾಗೆ. ಬೇಸಗೆಯಲ್ಲಿ ಏನೂ ಗೊತ್ತಾಗುವುದಿಲ್ಲ, ಮಳೆ ಬಂದಾಗ ಗೊತ್ತಾಗುತ್ತದೆ. ಹೆಸರು ನೋಂದಾಯಿಸಿದವರಿಗೆ 2026ರ ಅಕ್ಟೋಬರ್ 13ರ ತನಕ ಹೆಚ್ಚುವರಿ ಭದ್ರತಾ ತೇಪೆಗಳು ಸಿಗುವ ಏರ್ಪಾಡು ಉಂಟು. ಅದು ಗಡುವನ್ನು ಒಂದು ವರ್ಷ ಮುಂದೆ ಹಾಕುತ್ತದೆ, ಅಷ್ಟೆ.

ವಿಂಡೋಸ್ 11ಕ್ಕೆ ಹೋಗೋಣ ಎಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಆದರೆ ಸುಮಾರಾಗಿ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದರ ನಂತರದ್ದು ಬೇಕು. ಅಕ್ಕನ ಮನೆಯದ್ದು ಆರನೆಯದು, ಹಾಗಾಗಿ ಆ ಬಾಗಿಲು ಮುಚ್ಚಿತು.

ಲಿನಕ್ಸ್ ಹಿಮ್ಮೇಳ, ಡಿಸ್ಟ್ರೊ ಮೇಳ

ಆಪರೇಟಿಂಗ್ ಸಿಸ್ಟಂ ಎಂದರೆ ಕಂಪ್ಯೂಟರಿನ ಯಂತ್ರಭಾಗಕ್ಕೂ ನಾವು ತೆರೆಯುವ ಬ್ರೌಸರ್, ಲೆಕ್ಕದ ಹಾಳೆ ಮುಂತಾದವಕ್ಕೂ ನಡುವೆ ನಿಂತು ಎಲ್ಲವನ್ನೂ ನಡೆಸುವ ತಂತ್ರಾಂಶ. ವಿಂಡೋಸ್ ಅಂಥದ್ದೊಂದು. ಲಿನಕ್ಸ್ ಎಂಬ ಹೆಸರು ಸರಿಯಾಗಿ ಹೇಳಬೇಕೆಂದರೆ ಸಲ್ಲುವುದು ಅದರ ಒಳಗಿನ ತಿರುಳಿಗೆ, ಅಂದರೆ ಕರ್ನೆಲ್‌ಗೆ. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಅದನ್ನು ಬರೆಯಲು ತೊಡಗಿದರು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ್ದ ಗ್ನೂ ಯೋಜನೆಯ ಉಪಕರಣಗಳು ಅದರ ಜೊತೆ ಸೇರಿದವು. ಕೆಲವರು ಗ್ನೂ/ಲಿನಕ್ಸ್ ಎಂದೇ ಬರೆಯುವುದು ಅದಕ್ಕಾಗಿ.

ಕುಂಬಳೆ ಸೀಮೆಯವರಿಗೆ ಇದನ್ನು ಯಕ್ಷಗಾನದಿಂದ ಹೇಳಿದರೆ ಬೇಗ ಅರ್ಥವಾಗುತ್ತದೆ. ಕರ್ನೆಲ್ ಎಂದರೆ ಹಿಮ್ಮೇಳ: ಭಾಗವತರು, ಚೆಂಡೆ, ಮದ್ದಳೆ. ಆಟ ನಡೆಯುವುದೇ ಅವರಿಂದ, ಆದರೆ ಪ್ರೇಕ್ಷಕರ ಕಣ್ಣು ವೇಷಗಳ ಮೇಲೆ. ಆ ಮುಮ್ಮೇಳಕ್ಕೆ ಇಲ್ಲಿ ಡೆಸ್ಕ್‌ಟಾಪ್ ಎನ್ನುತ್ತಾರೆ: ಮೆನು, ಕಿಟಕಿ, ಐಕಾನ್, ಬಣ್ಣ. ಹಿಮ್ಮೇಳ, ಮುಮ್ಮೇಳ, ವೇಷಭೂಷಣದ ಪೆಟ್ಟಿಗೆ, ಲಾರಿ, ತಿರುಗಾಟದ ಪಟ್ಟಿ ಎಲ್ಲವನ್ನೂ ಕೂಡಿಸಿ ನಿಮ್ಮ ಗದ್ದೆಗೆ ತಂದು ಇಳಿಸುವ ಮೇಳ ಉಂಟಲ್ಲ, ಅದೇ ಡಿಸ್ಟ್ರಿಬ್ಯೂಶನ್. ಬಾಯಿಮಾತಿನಲ್ಲಿ ಡಿಸ್ಟ್ರೊ.

ಮೇಳಗಳು ಇಷ್ಟೊಂದು ಯಾಕೆ? ಕರ್ನೆಲನ್ನೂ ಉಳಿದ ಭಾಗಗಳನ್ನೂ ಯಾರು ಬೇಕಾದರೂ ತೆಗೆದು, ತಿದ್ದಿ, ಹಂಚಬಹುದು, ಪರವಾನಗಿಯೇ ಹಾಗುಂಟು. ಒಂದು ಮೇಳದಿಂದ ಇನ್ನೊಂದು ಹುಟ್ಟುತ್ತದೆ. 1993ರಲ್ಲಿ ಶುರುವಾದ ಡೆಬಿಯನ್‌ನಿಂದ 2004ರಲ್ಲಿ ಉಬುಂಟು ಬಂತು, ಉಬುಂಟುವಿನಿಂದ 2006ರಲ್ಲಿ ಲಿನಕ್ಸ್ ಮಿಂಟ್. ಈ ಮೂರೂ ಒಂದೇ ತರವಾಡಿನವು, ಅಂದರೆ ಒಂದೇ ಮನೆತನದವು. ಒಂದಕ್ಕೆ ಹೇಳಿದ ಮದ್ದು ಹೆಚ್ಚಿನ ಸಲ ಇನ್ನೊಂದಕ್ಕೂ ಆಗುತ್ತದೆ. ಫೆಡೋರಾ, ಆರ್ಚ್ ಬೇರೆ ತರವಾಡುಗಳು. ಹೀಗೆ ನೂರಾರು ಹೆಸರುಗಳಿದ್ದರೂ ಮನೆಬಳಕೆಗೆ ನೋಡಬೇಕಾದ್ದು ಕೈಬೆರಳಲ್ಲಿ ಎಣಿಸುವಷ್ಟೇ.

ಧರ್ಮಕ್ಕೆ ಕೊಟ್ಟರೆ ಇವರ ಹೊಟ್ಟೆಪಾಡು ಹೇಗೆ ಎಂದು ಭಾವ ಕೇಳಿದ್ದರು. ಉಬುಂಟುವಿನ ಹಿಂದಿರುವ ಕೆನೋನಿಕಲ್ ಕಂಪನಿ ದೊಡ್ಡ ಸಂಸ್ಥೆಗಳಿಗೆ ಸೇವೆ ಕೊಟ್ಟು ಹಣ ಮಾಡುತ್ತದೆ. ಮಿಂಟ್ ಬಹುಪಾಲು ದೇಣಿಗೆ, ಪ್ರಾಯೋಜಕರ ಹಣದಲ್ಲಿ ನಡೆಯುತ್ತದೆ. ಡೆಬಿಯನ್ ಸ್ವಯಂಸೇವಕರ ಕೂಟ.

ಕಾಸರಗೋಡಿನ ಮಕ್ಕಳಿಗೆ ಇದು ಹಳೇ ಪರಿಚಯ

ನಮ್ಮ ಜಿಲ್ಲೆಯವರಿಗೆ ಒಂದು ಅನುಕೂಲ ಉಂಟು, ಅದನ್ನು ನಾವೇ ಮರೆತಿರುತ್ತೇವೆ. ಕೇರಳದ ಸರಕಾರಿ, ಅನುದಾನಿತ ಶಾಲೆಗಳ ಕಂಪ್ಯೂಟರ್ ಲ್ಯಾಬಿನಲ್ಲಿ ಓಡುವುದು ಲಿನಕ್ಸೇ. 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಶುರುವಾಗಿ 2017ರಲ್ಲಿ ಕೈಟ್ ಎಂಬ ಸರಕಾರಿ ಕಂಪನಿಯಾದ ಸಂಸ್ಥೆ ಶಾಲೆಗಳಿಗಾಗಿ ತನ್ನದೇ ಡಿಸ್ಟ್ರೊ ಕೊಡುತ್ತದೆ. ಅದರ 22.04 ಆವೃತ್ತಿ ಕಟ್ಟಿರುವುದು ಅದೇ ಸಂಖ್ಯೆಯ ಉಬುಂಟುವಿನ ಮೇಲೆ. ಬದಿಯಡ್ಕ, ಪೆರ್ಲ, ಮಂಜೇಶ್ವರದ ಕನ್ನಡ ಮಾಧ್ಯಮದ ಮಕ್ಕಳು ಪತ್ರ, ಲೆಕ್ಕದ ಹಾಳೆಗಳ ಲಿಬ್ರೆ ಆಫೀಸ್, ಚಿತ್ರ ತಿದ್ದುವ ಗಿಂಪ್, ಗಣಿತದ ಜಿಯೋಜೀಬ್ರಾಗಳನ್ನು ಕಲಿತದ್ದು ಅದರ ಮೇಲೆ. ಮನೆಗೆ ಬಂದರೆ ವಿಂಡೋಸ್, ಶಾಲೆಗೆ ಹೋದರೆ ಲಿನಕ್ಸ್.

ಡಿಸ್ಟ್ರೊ ಆರಿಸುವಾಗ ಇದು ಯಾಕೆ ಮುಖ್ಯ? ಯಾವುದು ಅತಿ ಒಳ್ಳೆಯದು ಎಂಬ ಚರ್ಚೆಗೆ ಕೊನೆಯಿಲ್ಲ. ರಾತ್ರಿ ಎಂಟು ಗಂಟೆಗೆ ಪ್ರಿಂಟ್ ಬಾರದಿದ್ದರೆ ಹತ್ತಿರದಲ್ಲಿ ಕೇಳಲು ಯಾರಿದ್ದಾರೆ ಎಂಬ ಪ್ರಶ್ನೆಗೆ ಉತ್ತರ ಉಂಟು. ನಮ್ಮಲ್ಲಿ ಅದು ಶಾಲೆಗೆ ಹೋಗುವ ಮಗು, ಶಾಲೆಯ ಐಟಿ ಮಾಸ್ಟ್ರು. ಅವರಿಗೆ ಗೊತ್ತಿರುವುದು ಉಬುಂಟು ತರವಾಡು. ಆದ್ದರಿಂದ ಹೊಸಬರು ಆ ತರವಾಡಿನೊಳಗೇ ಆರಿಸಿಕೊಂಡರೆ ದಾರಿ ಹತ್ತಿರ.

ಆ ತರವಾಡಿನೊಳಗೆ ಯಾವುದು?

ಎರಡು ಸಂಗತಿ ನೋಡಿದರೆ ಸಾಕು: ರ‍್ಯಾಮ್ ಎಷ್ಟು, ಮನೆಯವರ ಕೈಗೆ ಯಾವ ರೂಪ ಒಗ್ಗುತ್ತದೆ.

8 ಜಿಬಿ ಅಥವಾ ಹೆಚ್ಚು ರ‍್ಯಾಮ್ ಇದ್ದರೆ ಯಾವುದು ಬೇಕಾದರೂ ಹಾಕಬಹುದು. ಉಬುಂಟುವಿನ ಡೆಸ್ಕ್‌ಟಾಪಿಗೆ ಗ್ನೋಮ್ ಎಂದು ಹೆಸರು. ಐಕಾನ್‌ಗಳ ಸಾಲು ಎಡಬದಿಗೆ, ಗಡಿಯಾರ ಮೇಲೆ ಮಧ್ಯದಲ್ಲಿ. ವಿಂಡೋಸಿಗೆ ಕೈ ಕುದುರಿದವರು ಮೊದಲ ದಿನ ಸ್ವಲ್ಪ ತಡವರಿಸುತ್ತಾರೆ. ಮಿಂಟಿನ ಸಿನಮನ್ ಡೆಸ್ಕ್‌ಟಾಪಿನಲ್ಲಿ ಮೆನು ಕೆಳಗೆ ಎಡಮೂಲೆಯಲ್ಲಿ, ಗಡಿಯಾರ ಬಲಮೂಲೆಯಲ್ಲಿ, ಹಾಗಾಗಿ ಹೊಸದೆಂದು ಅನಿಸುವುದು ಕಮ್ಮಿ. 4 ಜಿಬಿಯ ಯಂತ್ರಕ್ಕೆ ಮಿಂಟಿನದ್ದೇ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. ಮಿಂಟ್ ಕೇಳುವುದು ಕನಿಷ್ಠ 2 ಜಿಬಿ. ಸರಾಗವಾಗಿ ಓಡಲು 4 ಇರಲಿ ಎಂದು ಅವರೇ ಹೇಳುತ್ತಾರೆ. ಅದಕ್ಕಿಂತ ಸಣ್ಣ ಯಂತ್ರಕ್ಕೆ ಉಬುಂಟುವಿನದ್ದೇ ಹಗುರ ರೂಪವಾದ ಲುಬುಂಟು ನೋಡಬಹುದು. ಒಂದು ಮಾತು: ಲಿನಕ್ಸ್ ಎಷ್ಟೇ ಹಗುರವಾದರೂ ಇವತ್ತಿನ ವೆಬ್‌ಸೈಟ್‌ಗಳು ಭಾರ. ಬ್ರೌಸರಿನಲ್ಲಿ ಹತ್ತು ಟ್ಯಾಬ್ ತೆರೆದರೆ 2 ಜಿಬಿಯ ಯಂತ್ರ ಯಾವ ಡಿಸ್ಟ್ರೊದಲ್ಲೂ ಏದುಸಿರು ಬಿಡುತ್ತದೆ. ಹಳೇ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಹಾಕಿಸಿದರೆ ಆಗುವ ವ್ಯತ್ಯಾಸ ಡಿಸ್ಟ್ರೊ ಬದಲಿಸಿದರೆ ಆಗುವುದಕ್ಕಿಂತ ದೊಡ್ಡದು.

ಯಂತ್ರ 32 ಬಿಟ್‌ನದ್ದಾಗಿದ್ದರೆ ಹಾದಿ ಇಕ್ಕಟ್ಟು. ಉಬುಂಟು ಅದನ್ನು ಕೈಬಿಟ್ಟು ವರ್ಷಗಳಾದವು, ಡೆಬಿಯನ್ ಕೂಡ 2025ರ ಆಗಸ್ಟಿನಲ್ಲಿ ಬಂದ 13ನೇ ಆವೃತ್ತಿಯಿಂದ 32 ಬಿಟ್ ಇನ್‌ಸ್ಟಾಲರ್ ಕೊಡುವುದಿಲ್ಲ.

ಹೆಸರಿನ ಪಕ್ಕದ ಸಂಖ್ಯೆಗೂ ಅರ್ಥ ಉಂಟು. ಉಬುಂಟು 24.04 ಅಂದರೆ 2024ರ ನಾಲ್ಕನೇ ತಿಂಗಳಲ್ಲಿ ಬಂದದ್ದು. ಎರಡು ವರ್ಷಕ್ಕೊಮ್ಮೆ ಏಪ್ರಿಲಿನಲ್ಲಿ ಬರುವ ಆವೃತ್ತಿಗೆ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲ) ಎಂಬ ಬಾಲ ಇರುತ್ತದೆ. ಅದಕ್ಕೆ ಐದು ವರ್ಷ ಭದ್ರತಾ ತೇಪೆ ಖಾತ್ರಿ. ನಡುವೆ ಬರುವ ಆವೃತ್ತಿಗಳ ಬೆಂಬಲ ಒಂಬತ್ತೇ ತಿಂಗಳು. ಮನೆಗೆ ಎಲ್‌ಟಿಎಸ್ ಸಾಕು. ಮಿಂಟ್ 22ರ ಸರಣಿ ಉಬುಂಟು 24.04ರ ಮೇಲೆ ನಿಂತದ್ದು, 2029ರ ತನಕ ನಡೆಯುತ್ತದೆ. ಕೈಟ್‌ನ 22.04ರ ಬುಡದಲ್ಲಿರುವ ಉಬುಂಟುವಿಗೆ ಸಾಮಾನ್ಯ ಬೆಂಬಲ 2027ರ ತನಕ.

ನಾವು ಅಕ್ಕನ ಮನೆಗೆ ನೋಡಿದ್ದು ಮಿಂಟ್ ಎಕ್ಸ್‌ಎಫ್‌ಸಿಇ.

ಗದ್ದೆಯಲ್ಲಿ ಒಂದು ರಾತ್ರಿಯ ಆಟ: ಲೈವ್ ಪೆನ್‌ಡ್ರೈವ್

ಡಿಸ್ಕಿನಲ್ಲಿ ಏನನ್ನೂ ಬದಲಿಸದೆ ಲಿನಕ್ಸ್ ಓಡಿಸಿ ನೋಡಬಹುದು ಎಂಬುದು ಹಲವರಿಗೆ ಗೊತ್ತಿಲ್ಲ. ಬಯಲಾಟದ ಹಾಗೆ: ಸಂಜೆ ಗದ್ದೆಯಲ್ಲಿ ರಂಗಸ್ಥಳ ಏಳುತ್ತದೆ, ರಾತ್ರಿಯಿಡೀ ಆಟ, ಬೆಳಿಗ್ಗೆ ಲಾರಿ ಹೊರಟರೆ ಗದ್ದೆ ಗದ್ದೆಯಾಗಿಯೇ ಇರುತ್ತದೆ. ಲಿನಕ್ಸ್ ಪೆನ್‌ಡ್ರೈವಿನಿಂದ ಎದ್ದು ರ‍್ಯಾಮಿನಲ್ಲಿ ಕೂತು ಕೆಲಸ ಮಾಡುತ್ತದೆ. ಕಂಪ್ಯೂಟರ್ ಆಫ್ ಮಾಡಿ ಪೆನ್‌ಡ್ರೈವ್ ತೆಗೆದರೆ ಹಳೇ ವಿಂಡೋಸ್ ಇದ್ದ ಹಾಗೇ ಉಂಟು.

ಬೇಕಾದ್ದು 8 ಜಿಬಿಯ ಒಂದು ಪೆನ್‌ಡ್ರೈವ್. ಅದರಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ಮದುವೆಯ ಫೋಟೊ ಇದ್ದರೆ ಮೊದಲೇ ತೆಗೆದಿಡಿ. ಡಿಸ್ಟ್ರೊದ ಅಧಿಕೃತ ತಾಣದಿಂದ ಐಎಸ್‌ಒ ಎಂಬ ಫೈಲ್ ಇಳಿಸಿಕೊಳ್ಳಬೇಕು, ಮಿಂಟಿನದ್ದು ಸುಮಾರು 3 ಜಿಬಿ. ಅದರ ಜೊತೆ 64 ಅಕ್ಷರ-ಅಂಕೆಗಳ ಒಂದು ಸಾಲು ಕೊಟ್ಟಿರುತ್ತಾರೆ, ಶಾ256 ಎಂದು. ಮನೆಯಲ್ಲಿ ತೂಗಿದ ಅಡಿಕೆ ಗೋಣಿಯ ತೂಕ ಮಂಡಿಯ ಚೀಟಿಯೊಂದಿಗೆ ತಾಳೆಯಾಗಬೇಕಲ್ಲ, ಹಾಗೆ ಇಳಿಸಿದ ಫೈಲಿನ ಸಾಲು ಇದರೊಂದಿಗೆ ತಾಳೆಯಾಗಬೇಕು. ಆಗದಿದ್ದರೆ ದಾರಿಯಲ್ಲಿ ಫೈಲ್ ಕೆಟ್ಟಿದೆ, ಮತ್ತೊಮ್ಮೆ ಇಳಿಸಿ. ಕರೆಂಟು, ನೆಟ್ಟು ಹೋಗಿ ಬರುವ ನಮ್ಮ ಮಳೆಗಾಲದಲ್ಲಿ ಈ ತಾಳೆ ನೋಡುವ ಕೆಲಸ ತಪ್ಪಿಸಬೇಡಿ.

ಐಎಸ್‌ಒವನ್ನು ಪೆನ್‌ಡ್ರೈವಿಗೆ ಸುಮ್ಮನೆ ಕಾಪಿ ಮಾಡಿದರೆ ಆಗುವುದಿಲ್ಲ. ರುಫಸ್ ಅಥವಾ ಎಚರ್ ಎಂಬ ಸಣ್ಣ ತಂತ್ರಾಂಶದಿಂದ ಬರೆಯಬೇಕು. ಎರಡು ಮೂರು ಡಿಸ್ಟ್ರೊ ನೋಡುವ ಆಸೆ ಇದ್ದವರಿಗೆ ವೆಂಟಾಯ್ ಅನುಕೂಲ. ಒಂದೇ ಪೆನ್‌ಡ್ರೈವಿಗೆ ಹಲವು ಐಎಸ್‌ಒ ಹಾಕಿ, ಶುರುವಾಗುವಾಗ ಬೇಕಾದ್ದನ್ನು ಆರಿಸಬಹುದು.

ಆಮೇಲೆ ಕಂಪ್ಯೂಟರ್ ಆನ್ ಮಾಡಿದ ಕೂಡಲೇ, ಯಾವುದರಿಂದ ಶುರುವಾಗಬೇಕೆಂದು ಆರಿಸುವ ಬೂಟ್ ಮೆನುವಿನ ಕೀ ಒತ್ತಬೇಕು. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್ 12, ಎಚ್‌ಪಿಯಲ್ಲಿ ಎಫ್ 9, ಆಸುಸ್‌ನಲ್ಲಿ ಎಸ್ಕೇಪ್. ಒಂದು ಸಲ ಒತ್ತಿ ಕಾಯಬೇಡಿ, ಬಾಗಿಲು ಬಡಿದ ಹಾಗೆ ಬಡಿಯುತ್ತಾ ಇರಿ. ನಮಗೆ ಮೂರನೇ ಪ್ರಯತ್ನಕ್ಕೆ ಸಿಕ್ಕಿತು.

ಆಟ ನೋಡುವಾಗ ಏನು ನೋಡಬೇಕು?

ಮಿಂಟಿನ ಪರದೆ ತೆರೆದಾಗ ಅಳಿಯ ಕುರ್ಚಿ ಎಳೆದು ಕೂತ. ಮೆನುವಿನಲ್ಲಿ ಲಿಬ್ರೆ ಆಫೀಸ್ ಕಂಡು, “ಮಾವ, ಇದು ನಮ್ಮ ಶಾಲೆಯದ್ದೇ ಅಲ್ವಾ!” ಅಂದ. ಅಲ್ಲಿಂದ ಮುಂದೆ ಮೌಸ್ ನನ್ನ ಕೈಗೆ ಬರಲಿಲ್ಲ.

ಬಣ್ಣ, ವಾಲ್‌ಪೇಪರ್ ನೋಡುತ್ತಾ ಹೊತ್ತು ಕಳೆಯುವ ಬದಲು ಯಂತ್ರದ ಒಂದೊಂದು ಭಾಗವನ್ನೂ ಮಾತಾಡಿಸಬೇಕು. ವೈಫೈ ಸಿಗುತ್ತದಾ? ಸ್ಪೀಕರಿನಿಂದ ಸದ್ದು, ಮೈಕಿನಿಂದ ಧ್ವನಿ, ಕ್ಯಾಮರಾದಿಂದ ಮುಖ ಬರುತ್ತದಾ? ಪರದೆ ಮುಚ್ಚಿ ತೆರೆದರೆ ನಿದ್ದೆಯಿಂದ ಏಳುತ್ತದಾ? ಪ್ರಿಂಟರ್ ಸಿಕ್ಕಿಸಿ ಒಂದು ಹಾಳೆ ತೆಗೆಯಿರಿ. ಪೆನ್‌ಡ್ರೈವಿನಿಂದ ಓಡುವಾಗ ಎಲ್ಲವೂ ನಿಧಾನ, ಅದನ್ನು ಲಿನಕ್ಸಿನ ವೇಗವೆಂದು ಲೆಕ್ಕ ಹಾಕಬೇಡಿ.

ನಮಗೆ ವೈಫೈ ಕಾಣಲೇ ಇಲ್ಲ. ಹೊಸಬರು ಕೈಚೆಲ್ಲುವ ಜಾಗ ಇದು. ಕಾರಣ ಸರಳ: ಕೆಲವು ವೈಫೈ ಚಿಪ್‌ಗಳ ಡ್ರೈವರ್, ಅಂದರೆ ಆ ಚಿಪ್ಪಿನೊಂದಿಗೆ ಮಾತಾಡಲು ಬೇಕಾದ ದುಭಾಷಿ ತಂತ್ರಾಂಶ, ಮುಕ್ತವಾಗಿ ಸಿಗುವುದಿಲ್ಲ, ಅದನ್ನು ಬೇರೆಯಾಗಿ ಹಾಕಬೇಕು. ಹಾಕಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ವೈಫೈ ಬೇಕು! ಇದಕ್ಕೆ ಉಪಾಯ ಮೊಬೈಲಿನಲ್ಲಿ ಉಂಟು. ಫೋನನ್ನು ಚಾರ್ಜರ್ ಕೇಬಲಿನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಫೋನಿನ ನೆಟ್ ಕೇಬಲಿನಲ್ಲೇ ಬರುತ್ತದೆ. ಮಿಂಟಿನ ಡ್ರೈವರ್ ಮ್ಯಾನೇಜರ್ ತೆರೆದಾಗ ಬೇಕಾದ ಡ್ರೈವರಿನ ಹೆಸರು ಅಲ್ಲೇ ಇತ್ತು. ಗುರುತು ಹಾಕಿ ಒತ್ತಿದೆವು, ಸ್ವಲ್ಪ ಹೊತ್ತಿನಲ್ಲಿ ಮನೆಯ ವೈಫೈ ಕಂಡಿತು.

ಪ್ರಿಂಟರ್ ಮಾತ್ರ ಬಗ್ಗಲಿಲ್ಲ. ಎಚ್‌ಪಿ ಪ್ರಿಂಟರ್‌ಗಳಿಗೆ ಕಂಪನಿಯದ್ದೇ ಲಿನಕ್ಸ್ ತಂತ್ರಾಂಶ ಉಂಟು, ಹೊಸ ನೆಟ್‌ವರ್ಕ್ ಪ್ರಿಂಟರ್‌ಗಳಲ್ಲಿ ಹೆಚ್ಚಿನವು ತಾವಾಗಿಯೇ ಹೊಂದಿಕೊಳ್ಳುತ್ತವೆ. ಭಾವನದ್ದು ಬೇರೆ ಕಂಪನಿಯ ಹಳೇ ಲೇಸರ್.

ಕನ್ನಡ ಬರೆಯುವುದು ಹೇಗೆ?

ಓದಲು ಏನೂ ತೊಂದರೆ ಇಲ್ಲ. ಯುನಿಕೋಡ್, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರಸಂಕೇತದಲ್ಲಿ ಬರೆದ ಕನ್ನಡ ಮೊದಲ ಕ್ಷಣದಿಂದಲೇ ಕಾಣುತ್ತದೆ. ಗುಬ್ಬಿ, ನವಿಲು, ಲೋಹಿತ್ ಮುಂತಾದ ಅಕ್ಷರಶೈಲಿಗಳೂ ಪುಕ್ಕಟೆ ಸಿಗುತ್ತವೆ.

ಬರೆಯಲು ಐಬಸ್ ಎಂಬ ಏರ್ಪಾಡು ಉಂಟು. ಅದಕ್ಕೆ ಎಂ17ಎನ್ ಎಂಬ ಪೊಟ್ಟಣ ಸೇರಿಸಿ, ಭಾಷೆಗಳಲ್ಲಿ ಕನ್ನಡ ಆರಿಸಿದರೆ ಕೆಜಿಪಿ, ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಎಂಬ ಆಯ್ಕೆಗಳು ಕಾಣುತ್ತವೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಅಭ್ಯಾಸವಿದ್ದವರು ಕೆಜಿಪಿ ಆರಿಸಿ. ಇದು ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ; ಒತ್ತಕ್ಷರಕ್ಕೆ ನಡುವೆ ಎಫ್ ಒತ್ತುವ ಅದೇ ಕ್ರಮ, ಬೆರಳಿಗೆ ಹೊಸ ಪಾಠ ಬೇಡ.

ಕಷ್ಟ ಇರುವುದು ಹಳೇ ಫೈಲುಗಳಲ್ಲಿ. ಯುನಿಕೋಡಿಗಿಂತ ಹಿಂದಿನ ನುಡಿ, ಬರಹ ಫೈಲುಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಅದರ ಮೇಲೆ ಕನ್ನಡದ ವೇಷ ಹಾಕಿದ್ದು ಫಾಂಟ್. ಆ ಫಾಂಟ್ ಇಲ್ಲದ ಕಡೆ ತೆರೆದರೆ ವೇಷ ಕಳಚಿ ಬರೇ ಗೀಚಾಟ ಕಾಣುತ್ತದೆ. ಭಾವನ ಹಳೇ ಲೆಕ್ಕಪುಸ್ತಕ ಹಾಗೇ ಆಯಿತು. ಅಂಥ ಫೈಲುಗಳನ್ನು ವಿಂಡೋಸ್ ಇರುವಾಗಲೇ ಪರಿವರ್ತಕದಿಂದ ಯುನಿಕೋಡಿಗೆ ಬದಲಿಸಿ ಇಟ್ಟುಕೊಂಡರೆ ಒಳ್ಳೆಯದು.

ಯಾರಿಗೆ ಸರಿಹೋಗುವುದಿಲ್ಲ?

ಟ್ಯಾಲಿ, ಫೋಟೊಶಾಪ್, ಮೈಕ್ರೋಸಾಫ್ಟ್ ಆಫೀಸ್ ಲಿನಕ್ಸಿಗಾಗಿ ಬರುವುದಿಲ್ಲ. ಲಿಬ್ರೆ ಆಫೀಸ್ ವರ್ಡ್, ಎಕ್ಸೆಲ್ ಫೈಲುಗಳನ್ನು ತೆರೆಯುತ್ತದೆ, ಆದರೆ ಮ್ಯಾಕ್ರೊ ತುಂಬಿದ ಎಕ್ಸೆಲ್ ಹಾಳೆ ಕೈಕೊಡಬಹುದು. ತೆರಿಗೆ, ಟೆಂಡರ್ ಕೆಲಸಕ್ಕೆ ಡಿಜಿಟಲ್ ಸಹಿಯ ಟೋಕನ್ ಬಳಸುವವರು ತಮ್ಮ ಟೋಕನಿಗೆ ಲಿನಕ್ಸ್ ತಂತ್ರಾಂಶ ಉಂಟೋ ಎಂದು ಮೊದಲೇ ವಿಚಾರಿಸಬೇಕು. ಮನೆಯ ಕಂಪ್ಯೂಟರ್ ಇಂಥ ಒಂದೇ ಕೆಲಸಕ್ಕೆಂದು ಇರುವುದಾದರೆ ಅದರ ತಂಟೆಗೆ ಹೋಗದಿರುವುದೇ ಲೇಸು. ಬ್ರೌಸರಿನಲ್ಲಿ ನಡೆಯುವ ಬ್ಯಾಂಕು, ಅರ್ಜಿ, ಮೈಲು, ವಿಡಿಯೊಗಳಿಗೆ ಫೈರ್‌ಫಾಕ್ಸ್ ಅಥವಾ ಕ್ರೋಮ್ ಎಲ್ಲಿದ್ದರೂ ಒಂದೇ.

ವೀಳ್ಯ ಕೊಡುವುದು: ಇನ್‌ಸ್ಟಾಲ್

ಆಟ ಹಿಡಿಸಿದರೆ, ವೀಳ್ಯ ಕೊಟ್ಟು ಮೇಳವನ್ನು ಗೊತ್ತು ಮಾಡುವ ಹಾಗೆ, ಲೈವ್ ಪರದೆಯ ಮೇಲಿರುವ ಇನ್‌ಸ್ಟಾಲ್ ಐಕಾನ್ ಒತ್ತಬಹುದು. ಅದಕ್ಕೆ ಮೊದಲು ಬೇಕಾದ ಫೈಲುಗಳೆಲ್ಲ ಬೇರೊಂದು ಡಿಸ್ಕಿನಲ್ಲಿ ಇರಲಿ. ವಿಂಡೋಸಿನಲ್ಲಿ ಬಿಟ್‌ಲಾಕರ್ ಎಂಬ ಬೀಗ ಆನ್ ಆಗಿದೆಯೋ ನೋಡಿ. ಆಗಿದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಇಲ್ಲವೇ ಬೀಗ ತೆಗೆಯಿರಿ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮಲಗದೆ ಅರೆಕಣ್ಣು ತೆರೆದುಕೊಂಡಿರುತ್ತದೆ, ಡಿಸ್ಕಿನಲ್ಲಿ ಅದರ ಪಾಲಿನ ಜಾಗಕ್ಕೆ ಲಿನಕ್ಸಿನಿಂದ ಬರೆಯಲು ಆಗುವುದಿಲ್ಲ. ಬ್ಯಾಟರಿ ಸೋತ ಲ್ಯಾಪ್‌ಟಾಪಾದರೆ ಇನ್ವರ್ಟರ್ ಇರುವ ಪ್ಲಗ್ಗಿಗೇ ಸಿಕ್ಕಿಸಿ.

ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳಲ್ಲಿ ನಿಧಾನಿಸಬೇಕಾದ್ದು ಒಂದೇ ಕಡೆ. ವಿಂಡೋಸಿನ ಪಕ್ಕದಲ್ಲಿ ಹಾಕುವುದೋ, ಡಿಸ್ಕ್ ಪೂರ್ತಿ ಅಳಿಸಿ ಹಾಕುವುದೋ? ಪಕ್ಕದಲ್ಲಿ ಎಂದರೆ ಡಿಸ್ಕಿನ ಜಾಗ ಎರಡು ಪಾಲಾಗುತ್ತದೆ, ಆನ್ ಮಾಡಿದಾಗಲೆಲ್ಲ ಯಾವುದು ಬೇಕೆಂದು ಕೇಳುತ್ತದೆ. ಅಳಿಸಿ ಎಂದರೆ ಅಳಿಸಿದ್ದೇ, ವಾಪಸ್ ಇಲ್ಲ. ಮಿಂಟಿಗೆ ಕನಿಷ್ಠ 20 ಜಿಬಿ ಸಾಕು, ಹಾಯಾಗಿರಲು 100 ಕೊಡಿ.

ಹಾಕಿದ ಮೇಲೆ ಒಂದು ಅಭ್ಯಾಸ ಬದಲಾಗಬೇಕು. ತಂತ್ರಾಂಶ ಬೇಕೆಂದರೆ ಎಲ್ಲೆಲ್ಲಿಂದಲೋ ಡೌನ್‌ಲೋಡ್ ಮಾಡುವ ವಿಂಡೋಸ್ ರೂಢಿ ಇಲ್ಲಿ ಬೇಡ. ಡಿಸ್ಟ್ರೊದವರೇ ನೋಡಿ, ಮುದ್ರೆ ಹಾಕಿ ಇಟ್ಟ ಭಂಡಾರ ಉಂಟು, ನಮ್ಮ ಸರಕಾರದ ಮಾವೇಲಿ ಸ್ಟೋರಿನ ಹಾಗೆ. ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು ಅಲ್ಲಿಂದಲೇ ತೆಗೆದುಕೊಳ್ಳುವುದು. ಪರಿಷ್ಕರಣೆಗಳೂ ಅಲ್ಲಿಂದಲೇ ಬರುತ್ತವೆ. ಮಿಂಟಿನಲ್ಲಿ ಟೈಮ್‌ಶಿಫ್ಟ್ ಎಂಬ ಸವಲತ್ತು ಉಂಟು: ಸಿಸ್ಟಂ ಸರಿ ಇರುವಾಗ ಅದರ ಪ್ರತಿ ತೆಗೆದಿಟ್ಟರೆ, ಮುಂದೆ ಯಾವುದೋ ಪರಿಷ್ಕರಣೆಯಿಂದ ಎಡವಟ್ಟಾದರೆ ಹಿಂದಿನ ಸ್ಥಿತಿಗೆ ಮರಳಬಹುದು. ಮೊದಲ ದಿನವೇ ಅದನ್ನು ಹೊಂದಿಸಿ.

ಅಕ್ಕನ ಮನೆಯಲ್ಲಿ ಪಕ್ಕದಲ್ಲೇ ಹಾಕಿದ್ದೇವೆ. ಹಳೇ ಲೆಕ್ಕದ ಫೈಲುಗಳನ್ನು ಅಳಿಯ ರಜೆಯಲ್ಲಿ ಒಂದೊಂದಾಗಿ ಯುನಿಕೋಡಿಗೆ ತರುತ್ತಿದ್ದಾನೆ, ಫೈಲಿಗೆ ಐದು ರೂಪಾಯಿ ಎಂದು ಭಾವನ ಹತ್ತಿರ ಕರಾರು. ಪ್ರಿಂಟರಿನದ್ದು ಇನ್ನೂ ಇತ್ಯರ್ಥವಾಗಿಲ್ಲ. ಸದ್ಯಕ್ಕೆ ಭಾವ ಪಿಡಿಎಫ್ ಮಾಡಿ ಪೇಟೆಯ ಝೆರಾಕ್ಸ್ ಅಂಗಡಿಗೆ ವಾಟ್ಸಾಪ್ ಕಳಿಸುತ್ತಾರೆ, ತರಕಾರಿಗೆ ಹೋದಾಗ ಹಾಳೆ ತರುತ್ತಾರೆ.